ಬೆಂಕಿಯ ಚರಿತ್ರೆ: ವಾಚಕರು ಬರೆದದ್ದು, ನಮಗೆ ತೋಚಿದ್ದು

ಕಳೆದ ಮೂರು ಸಂಚಿಕೆಗಳಲ್ಲಿ ಬೆಂಕಿಯ ಚರಿತ್ರೆಯನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಕದ ಸಾರವನ್ನು ನಾವು ಕನ್ನಡದಲ್ಲಿ ಕೊಟ್ಟದ್ದು ವಾಚಕರಿಗೆ ನೆನಪಿರಬಹುದು. ಗೊಬ್ಬರದ ದರ, ಅಡಿಕೆ ಧಾರಣೆ, ಬೋರ್ಡೋ ದ್ರಾವಣದ ಅಳತೆ ಇವುಗಳ ನಡುವೆ ಇಂಥ ವಿಷಯಕ್ಕೆ ಪುಟ ಕೊಡಬೇಕೇ ಎಂದು ಸಂಘದ ಸಭೆಯಲ್ಲಿಯೇ ಒಬ್ಬ ಹಿರಿಯರು ಕೇಳಿದ್ದರು. ಅವರ ಮಾತನ್ನು ನಾವು ತಳ್ಳಿಹಾಕಲಿಲ್ಲ; ಆದರೂ ಪ್ರಕಟಿಸಿದೆವು. ಈಗ ನೋಡಿದರೆ, ಅಡಿಕೆಯ ಎಲೆಚುಕ್ಕಿ ರೋಗದ ಲೇಖನಕ್ಕೂ ಬಾರದಷ್ಟು ಪತ್ರಗಳು ಬಂದಿವೆ. ಕೆಲವು ಇನ್‌ಲ್ಯಾಂಡಿನ ಅಂಚಿನವರೆಗೂ ತುಂಬಿಸಿ ಬರೆದವು, ಕೆಲವು ಗೊಬ್ಬರದ ರಸೀತಿಯ ಹಿಂಬದಿಯಲ್ಲಿ ಬರೆದು ಕಚೇರಿಯ ಮೇಜಿನ ಮೇಲೆ ಇಟ್ಟುಹೋದವು. ಎಲ್ಲವನ್ನೂ ಅಚ್ಚು ಹಾಕಲು ಜಾಗವಿಲ್ಲ. ಮುಖ್ಯವಾದವುಗಳ ಅಭಿಪ್ರಾಯವನ್ನು ಇಲ್ಲಿ ಹೇಳಿ, ನಮಗೆ ಅನ್ನಿಸಿದ್ದನ್ನೂ ಸೇರಿಸುತ್ತೇವೆ. ಬರೆದವರ ಹೆಸರು ಹಾಕುವುದಿಲ್ಲ. ಯಾಕೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಪುಸ್ತಕವನ್ನು ಓದಿರದವರಿಗಾಗಿ ಎರಡು ಮಾತು. ಬರೆದವರು ಅಮೆರಿಕದ ಸ್ಟೀಫನ್ ಪೈನ್. ಪುಸ್ತಕ ‘ಫೈರ್: ಎ ಬ್ರೀಫ್ ಹಿಸ್ಟರಿ’, 2001ರಲ್ಲಿ ಬಂದದ್ದು. ಪೈನ್ ಮೇಜಿನ ಮುಂದೆ ಕುಳಿತೇ ಪಂಡಿತರಾದವರಲ್ಲ. 1967ರಲ್ಲಿ, ಶಾಲೆ ಮುಗಿಸಿದ ಕೂಡಲೇ, ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರದ ಅಂಚಿನ ಕಾಡಿನಲ್ಲಿ ಬೆಂಕಿ ಆರಿಸುವ ಕೂಲಿಗೆ ಸೇರಿ, ಹದಿನೈದು ಬೇಸಿಗೆ ಅದೇ ಕೆಲಸ ಮಾಡಿದವರು. ಆದ್ದರಿಂದಲೇ ಇರಬೇಕು, ಹೊಗೆ ಕುಡಿದವನ ಮಾತು ಅವರ ಬರವಣಿಗೆಯಲ್ಲಿದೆ.

ಅವರು ಹೇಳುವ ಮೂಲ ವಿಚಾರ ಇಷ್ಟು. ಬೆಂಕಿಗೆ ಉರಿಯಲು ಬೇಕಾದ ಸೌದೆಯನ್ನೂ ಉಸಿರಾಡಲು ಬೇಕಾದ ಆಮ್ಲಜನಕವನ್ನೂ ಕೊಟ್ಟದ್ದು ಗಿಡಮರ. ನೆಲದ ಮೇಲೆ ಸಸ್ಯ ಹುಟ್ಟುವ ಮೊದಲು ಭೂಮಿಯ ಮೇಲೆ ಸಿಡಿಲಿತ್ತು, ಜ್ವಾಲಾಮುಖಿಯಿತ್ತು, ಬೆಂಕಿ ಮಾತ್ರ ಇರಲಿಲ್ಲ. ನಾಲ್ಕು ನೂರು ದಶಲಕ್ಷ ವರ್ಷಗಳಷ್ಟು ಹಳೆಯ ಕಲ್ಲಿನಲ್ಲಿ ಇದ್ದಿಲು ಸಿಕ್ಕಿದೆ. ಅದು ಸಿಡಿಲಿನ ಬೆಂಕಿ, ಮೊದಲನೆಯದು. ಆಮೇಲೆ ಮನುಷ್ಯ ಕೈಯಲ್ಲಿ ಹಿಡಿದದ್ದು ಎರಡನೆಯ ಬೆಂಕಿ. ಕಲ್ಲಿದ್ದಲು, ಎಣ್ಣೆಗಳನ್ನು ಯಂತ್ರದೊಳಗೆ ಕಣ್ಣಿಗೆ ಕಾಣದ ಹಾಗೆ ಉರಿಸುತ್ತಿರುವುದು ಮೂರನೆಯದು. ಈ ಮೂರು ಬೆಂಕಿಯ ಲೆಕ್ಕವನ್ನು ಅವರು 2021ರ ‘ದಿ ಪೈರೋಸೀನ್’ ಪುಸ್ತಕದಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. ನಮ್ಮ ತೋಟದ ಪಂಪ್‌ಸೆಟ್ಟು, ಪಲ್ಪರು, ಕಳೆ ಕತ್ತರಿಸುವ ಯಂತ್ರ ಎಲ್ಲವೂ ಆ ಮೂರನೆಯ ಲೆಕ್ಕಕ್ಕೆ ಸೇರುತ್ತವೆ.

ಮೊದಲ ಪತ್ರ ಕಳಸದ ಒಬ್ಬ ಅಡಿಕೆ ಬೆಳೆಗಾರರದು. ಮನುಷ್ಯ ಬೇಯಿಸಿ ತಿಂದದ್ದರಿಂದಲೇ ಮನುಷ್ಯನಾದ, ಹಲ್ಲು ಸಣ್ಣದಾಗಿ ಕರುಳು ಗಿಡ್ಡವಾಗಿ ಮಿದುಳು ದೊಡ್ಡದಾಯಿತು ಎಂಬ ವಾದವನ್ನು ನಾವು ಎರಡನೆಯ ಕಂತಿನಲ್ಲಿ ಪ್ರಸ್ತಾಪಿಸಿದ್ದೆವು. ಇದು ಪೈನ್ ಅವರದಲ್ಲ. ರಿಚರ್ಡ್ ರ್‍ಯಾಂಗಮ್ ಎಂಬ ವಿಜ್ಞಾನಿ 2009ರ ‘ಕ್ಯಾಚಿಂಗ್ ಫೈರ್’ ಪುಸ್ತಕದಲ್ಲಿ ವಿಸ್ತರಿಸಿದ್ದು. ಸುಮಾರು ಹದಿನೆಂಟು ಲಕ್ಷ ವರ್ಷಗಳ ಹಿಂದೆಯೇ ಅಡಿಗೆ ಶುರುವಾಯಿತು ಎಂದು ಅವರ ಊಹೆ. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ ಸಿಕ್ಕ ಬೂದಿ ಹತ್ತು ಲಕ್ಷ ವರ್ಷದ್ದು ಎಂದು 2012ರಲ್ಲಿ ಪ್ರಕಟವಾಯಿತು. ಅದಕ್ಕೂ ಹಿಂದಿನ ಗಟ್ಟಿ ಸಾಕ್ಷ್ಯ ಕಡಿಮೆ ಎಂದು ಒಪ್ಪದವರೂ ಇದ್ದಾರೆ. ಕಳಸದ ವಾಚಕರು ಬರೆಯುತ್ತಾರೆ: ಲಕ್ಷ ವರ್ಷದ ಲೆಕ್ಕ ಹಾಗಿರಲಿ, ಬೇಯಿಸಿದ್ದರಿಂದ ಮನುಷ್ಯ ಮನುಷ್ಯನಾದನೋ ಇಲ್ಲವೋ, ಬೇಯಿಸಿದ್ದರಿಂದ ಅಡಿಕೆ ಅಡಿಕೆಯಾಯಿತು ಎಂಬುದಂತೂ ಖಂಡಿತ, ಚೊಗರಿನ ಹಂಡೆಯ ಕೆಳಗೆ ಒಂದು ತಿಂಗಳು ಒಲೆ ಉರಿಯದಿದ್ದರೆ ರಾಶಿ ಇಡಿ ಎಲ್ಲಿಂದ ಬರಬೇಕು? ಬೆಂಕಿಯ ಚರಿತ್ರೆಯಲ್ಲಿ ಅಡಿಕೆ ಒಲೆಗೆ ಒಂದು ಸಾಲೂ ಇಲ್ಲವಲ್ಲ ಎಂದು ಅವರ ಆಕ್ಷೇಪಣೆ. ಒಪ್ಪಿದೆವು. ಅಮೆರಿಕದವರಿಗೆ ಅದನ್ನು ತಿಳಿಸುವುದು ನಮ್ಮದೇ ಕೆಲಸ.

ಅದೇ ಕಂತಿಗೆ ಮೂಡಿಗೆರೆ ಕಡೆಯ ಒಬ್ಬ ಮಹಿಳೆ ಬರೆದ ಪತ್ರ ಚಿಕ್ಕದು, ಆದರೆ ಚುರುಕಾಗಿದೆ. ಮನುಷ್ಯ ಬೆಂಕಿಯನ್ನು ಪಳಗಿಸಿದ ಎಂದು ಪುಸ್ತಕ ತುಂಬ ಬರೆದಿದ್ದೀರಿ, ಊದುಗೊಳವೆ ಹಿಡಿದು ಊದಿದವರು ಯಾರು ಎಂದು ಬರೆದಿಲ್ಲ ಎನ್ನುತ್ತಾರೆ. ಅವರ ಅತ್ತೆಗೆ ಐವತ್ತು ವರ್ಷಕ್ಕೇ ಕಣ್ಣು ಮಂಜಾಗಿತ್ತಂತೆ. ಮಳೆಗಾಲದ ಹಸಿ ಸೌದೆ, ಹಂಚಿನ ಮಾಡಿನ ಕೆಳಗೆ ಹೊಗೆ. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿಕೊಟ್ಟ ಅಸ್ತ್ರ ಒಲೆ ಬಂದ ಮೇಲೆ ಗೋಡೆ ಕಪ್ಪಾಗುವುದು ನಿಂತಿತು, ಆಮೇಲೆ ಗೋಬರ್ ಗ್ಯಾಸು, ಈಗ ಸಿಲಿಂಡರು. ನಮ್ಮ ಮನೆಯ ಬೆಂಕಿಯ ಚರಿತ್ರೆ ಇಷ್ಟೇ, ನಿಮ್ಮ ಪುಸ್ತಕಕ್ಕಿಂತ ಬೇಗ ಓದಿ ಮುಗಿಯುತ್ತದೆ ಎಂದು ಮುಗಿಸಿದ್ದಾರೆ. ಇದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಏನೂ ಇಲ್ಲ.

ಪುರಾಣ ಬಲ್ಲ ಇಬ್ಬರು ಖಾಂಡವದಹನವನ್ನು ನೆನಪಿಸಿದ್ದಾರೆ. ಅಗ್ನಿಯ ಹಸಿವಿಗೆ ಕೃಷ್ಣಾರ್ಜುನರು ಕಾವಲು ನಿಂತು ಕಾಡನ್ನು ಸುಡಿಸಿದರು, ಪಂಪನೂ ಅದನ್ನು ವರ್ಣಿಸಿದ್ದಾನೆ, ಆದ್ದರಿಂದ ಕಾಡು ಸುಡುವುದು ನಮ್ಮಲ್ಲಿ ಹೊಸದಲ್ಲ ಎಂದು ಒಬ್ಬರು. ಓಡಿಹೋಗುವ ಪ್ರಾಣಿಯನ್ನೂ ಬಿಡದೆ ಕೊಂದದ್ದನ್ನು ಹಿರಿಮೆ ಎಂದು ಹೇಳಲಾಗದು, ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಈ ಪ್ರಶ್ನೆ ಎತ್ತಿದ್ದಾರೆ ಎಂದು ಇನ್ನೊಬ್ಬರು. ಇಬ್ಬರೂ ಒಂದೇ ಊರಿನವರು. ಈ ಚರ್ಚೆಯನ್ನು ಅವರು ಜಗಲಿಯಲ್ಲಿಯೇ ಮುಂದುವರಿಸಬೇಕೆಂದು ಕೋರುತ್ತೇವೆ.

ಈಗ ಮುಖ್ಯವಾದ ಎರಡು ಪತ್ರಗಳು. ಇವುಗಳಿಗಾಗಿಯೇ ಈ ಲೇಖನ ಬರೆಯಬೇಕಾಯಿತು.

ಒಂದು, ಕೊಟ್ಟಿಗೆಹಾರದ ಆಚೆಯ ಒಬ್ಬ ಸಣ್ಣ ಬೆಳೆಗಾರರದು. ಅವರು ಸಿಟ್ಟಿನಿಂದಲೇ ಬರೆದಿದ್ದಾರೆ. ಪುಸ್ತಕದವನು ಬೆಂಕಿಯನ್ನು ಹೊಗಳುತ್ತಾನೆ, ನೀವು ಅದನ್ನು ಕನ್ನಡಕ್ಕೆ ತಂದು ಹಂಚುತ್ತೀರಿ. ನನ್ನ ತೋಟಕ್ಕೆ ಬಂದು ನೋಡಿ ಎಂದು ಕರೆದಿದ್ದಾರೆ. ನಮ್ಮಲ್ಲಿ ಇಬ್ಬರು ಹೋಗಿ ನೋಡಿಯೂ ಬಂದೆವು. ತೋಟದ ಮೇಲ್ಗಡೆ ಗುಡ್ಡದ ಕರಡ. ಹೂಮಳೆಗೆ ಮುಂಚಿನ ಒಣಗಾಳಿಯಲ್ಲಿ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಎಲ್ಲಿಂದಲೋ ಹತ್ತಿದ ಬೆಂಕಿ ಅರ್ಧ ಗಂಟೆಯಲ್ಲಿ ಬೇಲಿಗೆ ಬಂದಿದೆ. ಬೇಲಿಯ ಉದ್ದಕ್ಕೂ ಲಂಟಾನ, ಒಣಗಿದ ಯುಪಟೋರಿಯಂ. ಸೀಮೆಎಣ್ಣೆ ಸುರಿದ ಹಾಗೆ ಹತ್ತಿತಂತೆ. ಒಳಗೆ ಬಂದ ಮೇಲೆ ಬೆಂಕಿ ಎತ್ತರಕ್ಕೆ ಏಳಲಿಲ್ಲ; ನೆಲದ ದರಗಿನಲ್ಲಿ ಮೊಣಕಾಲುದ್ದ ಹರಿದುಹೋಯಿತು. ಸಂಜೆಗೆ ನೋಡಿದರೆ ಕಾಫಿ ಗಿಡ ಹಸಿರಾಗಿಯೇ ಇತ್ತು, ದೇವರು ಕಾಪಾಡಿದ ಎಂದುಕೊಂಡರು. ಹದಿನೈದು ದಿನದಲ್ಲಿ ಎಲೆ ಜೋತುಬಿತ್ತು. ಕಾಫಿಯ ತೊಗಟೆ ತೆಳು. ಬುಡದ ಸುತ್ತ ಒಂದು ಗೇಣು ಬೆಂದರೆ ಸಾಕು, ಮೇಲಿನದೆಲ್ಲ ಹೋದಂತೆ. ಬೇರು ಉಳಿದ ಗಿಡಗಳನ್ನು ಬುಡದ ಹತ್ತಿರ ಕತ್ತರಿಸಿ ಚಿಗುರು ಬಿಟ್ಟಿದ್ದಾರೆ. ಆ ಚಿಗುರಿನಲ್ಲಿ ಫಸಲು ಕಾಣಲು ಇನ್ನು ಮೂರು ನಾಲ್ಕು ವರ್ಷ. ಮೆಣಸಿನ ಬಳ್ಳಿ ಬುಡದಲ್ಲಿ ಸುಟ್ಟು ಮರದ ಮೇಲೆ ಹಗ್ಗದಂತೆ ನೇತಾಡುತ್ತಿದೆ. ಇರುವುದೇ ನಾಲ್ಕೂವರೆ ಎಕರೆ, ಅದರಲ್ಲಿ ಎರಡು ಎಕರೆ ಹೀಗಾಗಿದೆ. ಬೆಂಕಿ ಹಚ್ಚಿದವರು ಯಾರು ಎಂದು ನಾವು ಕೇಳಿದೆವು. ಅವರು ಗುಡ್ಡದ ಕಡೆ ನೋಡಿದರೇ ಹೊರತು ಮಾತಾಡಲಿಲ್ಲ.

ಇನ್ನೊಂದು, ಮಲ್ಲಂದೂರು ಕಡೆಯ ಎಂಬತ್ತು ದಾಟಿದ ಹಿರಿಯರೊಬ್ಬರು ಮೊಮ್ಮಗಳ ಕೈಯಲ್ಲಿ ಬರೆಯಿಸಿದ್ದು. ಅವರು ಹುಡುಗರಾಗಿದ್ದಾಗ ಗುಡ್ಡದ ಹುಲ್ಲು ಸುಡುವುದು ಕದ್ದು ಮಾಡುವ ಕೆಲಸವಾಗಿರಲಿಲ್ಲ, ಕಾನೂನು ಏನಿತ್ತೋ ಅವರಿಗೆ ಗೊತ್ತಿಲ್ಲ, ಊರು ಕೂಡಿ ಮಾಡುತ್ತಿದ್ದರು. ಸುಡುತ್ತಿದ್ದುದು ಪುಷ್ಯ ಮಾಸದಲ್ಲಿ, ಬೆಳಗಿನ ಇಬ್ಬನಿ ಇನ್ನೂ ಬೀಳುತ್ತಿರುವಾಗ. ಹೊತ್ತು ಇಳಿದ ಮೇಲೆ, ಗಾಳಿ ನಿಂತ ಮೇಲೆ, ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಹಚ್ಚಿದವನಿಗೆ ಬೈಗುಳ ಕಾದಿರುತ್ತಿತ್ತು, ಯಾಕೆಂದರೆ ಬೆಂಕಿ ಏರುವಾಗ ಓಡುತ್ತದೆ, ಇಳಿಯುವಾಗ ನಡೆಯುತ್ತದೆ. ಒಂದು ವರ್ಷ ಈ ಬದಿ, ಮರುವರ್ಷ ಆ ಬದಿ. ಶೋಲೆಯ ಅಂಚಿಗೆ ಸೊಪ್ಪಿನ ಹೊರೆ ಹಿಡಿದು ನಾಲ್ಕು ಜನ ಕಾವಲು ನಿಲ್ಲುತ್ತಿದ್ದರು. ನೀರಿನ ಒರತೆ ಅಲ್ಲಿರುವುದರಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಯಾರೂ ಬೆಂಕಿ ಹಾಕುತ್ತಿರಲಿಲ್ಲ. ಈಗ ಎಲ್ಲ ಬೆಂಕಿಯೂ ಶಿವರಾತ್ರಿ ಕಳೆದ ಮೇಲೆಯೇ ಬೀಳುತ್ತದೆ ಎಂದು ಅವರ ಸಂಕಟ.

ಈ ಎರಡು ಪತ್ರಗಳಲ್ಲಿ ಒಂದು ಬೆಂಕಿ ಬೇಡ ಎನ್ನುತ್ತದೆ, ಇನ್ನೊಂದು ಬೇಕಿತ್ತು ಎನ್ನುತ್ತದೆ ಎಂದು ತೋರಬಹುದು. ನಮಗೆ ಹಾಗನ್ನಿಸುವುದಿಲ್ಲ. ಕೊಟ್ಟಿಗೆಹಾರದವರ ತೋಟವನ್ನು ಸುಟ್ಟದ್ದು ಮಲ್ಲಂದೂರಿನ ಹಿರಿಯರು ಹೇಳುವ ಬೆಂಕಿಯಲ್ಲ. ಆ ಬೆಂಕಿಗೆ ಯಜಮಾನರಿದ್ದರು, ಈ ಬೆಂಕಿಗೆ ಯಾರೂ ಇಲ್ಲ. ನಮ್ಮ ಗುಡ್ಡಗಳಲ್ಲಿ ಬೆಂಕಿ ದಿಕ್ಕಿಲ್ಲದ್ದಾದುದು ಹೇಗೆ ಎಂಬುದನ್ನು ಪೈನ್ ಅವರ ಪುಸ್ತಕದ ಸಹಾಯದಿಂದ ಸ್ವಲ್ಪ ನೋಡೋಣ.

ಪುಸ್ತಕದಲ್ಲಿ ನಮಗೆ ಹೆಚ್ಚು ಹಿಡಿಸಿದ ಮಾತು ಬೀಡುಬಿಟ್ಟ ಭೂಮಿಯನ್ನು ಕುರಿತದ್ದು. ಬೀಡಿನಲ್ಲಿ ಬೆಳೆದ ಪೊದೆಯನ್ನು ರೈತ ಸುಡುವುದು ಅದು ಕಸವೆಂದಲ್ಲ. ಸುಡಲೆಂದೇ ಬೀಡು ಬಿಟ್ಟು ಪೊದೆ ಬೆಳೆಸುತ್ತಾನೆ ಎಂದು ಪೈನ್ ಹೇಳುತ್ತಾರೆ. ಕುಮ್ರಿ ಬೇಸಾಯ ಅದೇ ಅಲ್ಲವೇ? ದರಗು, ಒಣ ಸೊಪ್ಪು ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯಿಸಿ ಸುಡುಮಣ್ಣು ಮಾಡುವುದರಲ್ಲಿಯೂ ಅದೇ ಬುದ್ಧಿಯಿದೆ. ಆದರೆ ನಮ್ಮಲ್ಲಿ ಅರಣ್ಯ ಶಾಸ್ತ್ರವನ್ನು ತಂದವರು ಮಧ್ಯ ಯುರೋಪಿನ ಪಾಠ ಓದಿದವರು. ಅಲ್ಲಿ ವರ್ಷವಿಡೀ ಅಷ್ಟಿಷ್ಟು ಮಳೆ, ನೆಲ ಒಣಗುವುದೇ ಕಡಿಮೆ. ಕಾಡಿಗೆ ಬೆಂಕಿ ಬಿದ್ದರೆ ಅದು ಯಾರೋ ಮಾಡಿದ ತಪ್ಪು. ನಾಲ್ಕು ತಿಂಗಳು ಸುರಿದು ನಾಲ್ಕು ತಿಂಗಳು ಒಣಗುವ ನಾಡಿಗೆ ಆ ಪಾಠವನ್ನು ಹಾಗೆಯೇ ತಂದರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಬ್ರಾಂಡಿಸ್ ಜರ್ಮನಿಯವರು. ಅದೇ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಬೆಂಕಿ ಬೀಳದಂತೆ ಕಾಯುವ ಪ್ರಯೋಗ ಮಾಡಿದರು, ಅದೇ ಮಾದರಿಯಾಯಿತು. ನಮ್ಮ ಕಡೆ ಇನ್ನೂ ಮೊದಲೇ, 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸಿನ ಅರಣ್ಯ ಸಂರಕ್ಷಕರಾಗಿ, ಕುಮ್ರಿಯಿಂದ ಕಾಡು ಹಾಳಾಗುತ್ತದೆಂದು ಬರೆದು ಬರೆದು ಅದಕ್ಕೆ ಕಡಿವಾಣ ಹಾಕಿಸಿದರು.

ಕ್ಲೆಗ್‌ಹಾರ್ನ್ ಹೇಳಿದ್ದೆಲ್ಲ ಸುಳ್ಳೆಂದು ನಮ್ಮ ಅಭಿಪ್ರಾಯವಲ್ಲ. ಘಟ್ಟದ ಮೇಲಿನ ಕಾಡು ಹೋದರೆ ಹೊಳೆ ಬತ್ತುತ್ತದೆಂದು ಅಷ್ಟು ಹಿಂದೆಯೇ ಕಂಡವರು ಅವರು. ಆದರೆ ಒಂದು ಸಂಗತಿಯನ್ನು ಕಾಫಿ ಬೆಳೆಗಾರರಾದ ನಾವು ಮರೆಯಬಾರದು. ರಾಗಿ ಬಿತ್ತಲು ಕಾಡು ಸುಟ್ಟವನ ಕೈ ಹಿಡಿದು ನಿಲ್ಲಿಸಿದ ಕಾಲದಲ್ಲಿಯೇ ಕಾಫಿಗಾಗಿ ಕಾಡು ಕಡಿದು ಸುಡುವುದಕ್ಕೆ ಭೂಮಿ ಮಂಜೂರಾಗುತ್ತಿತ್ತು. ಮೊದಮೊದಲ ದೊರೆ ಪ್ಲಾಂಟರುಗಳು ಮರವೆಲ್ಲ ಉರುಳಿಸಿ, ಬೆಂಕಿ ಕೊಟ್ಟು, ಬೂದಿಯಲ್ಲಿ ಗಿಡ ನೆಟ್ಟರು. ಹತ್ತಿಪ್ಪತ್ತು ವರ್ಷ ಚೆನ್ನಾಗಿ ಬಂತು. ಆಮೇಲೆ ನೆರಳಿಲ್ಲದ ಗಿಡಕ್ಕೆ ಕಾಂಡಕೊರಕ ಬಿತ್ತು, ತೋಟ ತೋಟವೇ ಹೋಯಿತು. ಮಂಜರಾಬಾದಿನಲ್ಲಿ ನೆಲೆಸಿದ್ದ ಎಲಿಯಟ್ ದೊರೆ 1894ರಲ್ಲಿ ಮೈಸೂರಿನ ಕಾಫಿ ಕುರಿತು ಬರೆದ ಪುಸ್ತಕದಲ್ಲಿ ನೆರಳಿನ ಮಹತ್ವಕ್ಕೆ ಅಷ್ಟು ಪುಟ ಕೊಟ್ಟದ್ದು ಈ ಪೆಟ್ಟು ತಿಂದ ಮೇಲೆಯೇ. ಇಂದು ನಾವು ನೆರಳಿನ ಕಾಫಿ ಎಂದು ಹೆಮ್ಮೆ ಪಡುತ್ತೇವೆ. ಅದರ ಹಿಂದೆ ಒಂದು ಬೂದಿಯ ಅಧ್ಯಾಯವೂ ಇದೆ.

ಇರಲಿ. ಬೆಂಕಿಯನ್ನು ಊರಿನ ಕೈಯಿಂದ ಕಿತ್ತುಕೊಂಡ ಮೇಲೆ ಏನಾಯಿತು? ಬರ್ಮಾದಲ್ಲಿದ್ದ ಸ್ಲೇಡ್ ಎಂಬ ಅರಣ್ಯಾಧಿಕಾರಿ 1896ರಷ್ಟು ಹಿಂದೆಯೇ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬೆಂಕಿ ರಕ್ಷಣೆ ಅತಿಯಾಯಿತೆಂದು ಬರೆದರು. ತೇಗದ ಸಸಿ ಏಳುವುದಕ್ಕೆ ಬೆಂಕಿಯೂ ಬೇಕೆಂಬುದು ಆ ಕಾಡಿನಲ್ಲಿ ಕಣ್ಣಿಗೆ ಕಂಡ ವಿಷಯವಾಗಿತ್ತು. ನಮ್ಮ ರಾಜ್ಯದಲ್ಲಿಯೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇನ್ನೂ ಹತ್ತಿರದ ಉದಾಹರಣೆ. ನಮ್ಮ ಕಡೆಯ ದರಗನ್ನು ಅವರು ತರಗು ಎನ್ನುತ್ತಾರೆ. ವರ್ಷದ ಆರಂಭದಲ್ಲಿ ನೆಲದ ತರಗನ್ನು ಮಾತ್ರ ಮೆಲ್ಲಗೆ ಸುಟ್ಟು ಬಿಡುವುದಕ್ಕೆ ಅವರಲ್ಲಿ ‘ತರಗು ಬೆಂಕಿ’ ಎಂದೇ ಹೆಸರು. 1974ರಲ್ಲಿ ಅದು ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನ ಕಾಡು ತುಂಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳೂ ಅವರ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಎರಡು ಮೂರು ಪತ್ರಗಳಲ್ಲಿ ಸೋಲಿಗರ ಮಾತನ್ನು ಹಿಡಿದುಕೊಂಡು ನಾವೂ ಹಚ್ಚೋಣ ಎಂಬ ಧಾಟಿ ಕಂಡಿತು. ಬಿಳಿಗಿರಿಯ ಬಹುಪಾಲು ಎಲೆ ಉದುರುವ ಒಣ ಕಾಡು. ಅಲ್ಲಿನ ಮರಗಳ ತೊಗಟೆ ದಪ್ಪ, ಬೆಂಕಿಯ ಪರಿಚಯ ಅವಕ್ಕಿದೆ. ಕುದುರೆಮುಖ, ಬಲ್ಲಾಳರಾಯನದುರ್ಗ, ಮೇರುತಿ ಗುಡ್ಡದ ಕಣಿವೆಗಳಲ್ಲಿರುವುದು ಶೋಲೆ. ಅದರ ಮರಗಳಿಗೆ ಬೆಂಕಿ ಗೊತ್ತಿಲ್ಲ. ಅಂಚು ಒಂದು ಸಲ ಬೆಂದರೆ ಕಾಡು ಅಷ್ಟು ಹಿಂದೆ ಸರಿಯುತ್ತದೆ, ಆ ಜಾಗಕ್ಕೆ ಹುಲ್ಲು, ಕಳೆ ಬರುತ್ತದೆ. ಹಾಗೆಂದು ಗುಡ್ಡದ ಹುಲ್ಲೆಲ್ಲ ಮನುಷ್ಯ ಸುಟ್ಟು ಮಾಡಿದ್ದು, ಅಲ್ಲಿ ಮರ ನೆಟ್ಟರೆ ಪುಣ್ಯ ಎಂಬುದೂ ತಪ್ಪು. ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಹಳೆಯ ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಪ್ರಕಾರ, ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲುಗಾವಲಿತ್ತು. ಹವೆ ಬದಲಾದಂತೆ ಹುಲ್ಲು ಕಾಡುಗಳು ಹೆಚ್ಚು ಕಡಿಮೆಯಾಗಿವೆ. ಹುಲ್ಲು ಹುಲ್ಲಾಗಿರಬೇಕು, ಶೋಲೆ ಶೋಲೆಯಾಗಿರಬೇಕು. ಮಲ್ಲಂದೂರಿನ ಹಿರಿಯರ ಕಾಲದವರು ಸೊಪ್ಪಿನ ಹೊರೆ ಹಿಡಿದು ಅಂಚಿನಲ್ಲಿ ನಿಂತದ್ದು ಇದನ್ನು ತಿಳಿದೇ.

ಇಂದು ಬೆಂಕಿ ಮೊದಲಿಗಿಂತ ಬಿಸಿಯಾಗಿ ಬರುವುದಕ್ಕೆ ನಾವೂ ಕಾರಣ ಎಂಬುದನ್ನು ಯಾವ ಪತ್ರವೂ ಹೇಳಿಲ್ಲ, ಆದ್ದರಿಂದ ನಾವು ಹೇಳುತ್ತೇವೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು. ಗುಡ್ಡದ ಕರಡ ಕೊಯ್ದು ತರುವವರಿಲ್ಲ. ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತಂದು ಅಡಿಕೆ ಬುಡಕ್ಕೆ ಹಾಕುವುದನ್ನು ಆಳಿನ ಕೂಲಿ ನೋಡಿ ಬಿಟ್ಟೆವು. ಸಿಲಿಂಡರು ಬಂದ ಮೇಲೆ ಒಣಕಟ್ಟಿಗೆ ಹೆಕ್ಕುವವರೂ ಇಲ್ಲ. ಇವು ಒಂದೊಂದೂ ನೆಮ್ಮದಿಯ ವಿಷಯವೇ. ಊದುಗೊಳವೆಯ ಪತ್ರ ಓದಿದ ಮೇಲೆ ಸಿಲಿಂಡರನ್ನು ಬೈಯಲು ನಮಗೆ ಬಾಯಿಲ್ಲ. ಆದರೆ ಹೊರೆ ಹೊರೆಯಾಗಿ ಮನೆಗೆ ಬರುತ್ತಿದ್ದುದೆಲ್ಲ ಈಗ ಬೇಲಿಯಾಚೆ ಬಿದ್ದು ಮಾರ್ಚ್ ತಿಂಗಳಿಗೆ ಕಾಯುತ್ತಿರುತ್ತದೆ. ಪೈನ್ ಅವರ ಮಾತಿನಲ್ಲಿ ಹೇಳುವುದಾದರೆ, ಮೂರನೆಯ ಬೆಂಕಿ ಒಳಗೆ ಬಂದಷ್ಟೂ ಎರಡನೆಯ ಬೆಂಕಿಯ ಸೌದೆ ಹೊರಗೆ ಒಟ್ಟಾಗಿದೆ.

ಇನ್ನು ಹಚ್ಚುವವರು ಯಾರು? ಚಾರಣಕ್ಕೆ ಬರುವ ಪೇಟೆಯ ಹುಡುಗರು, ಸಿಗರೇಟು, ಗುಡ್ಡದ ಮೇಲೆ ಅಡಿಗೆ ಮಾಡುವವರು ಎಂದು ಒಬ್ಬ ಯುವಕ ಬೆಳೆಗಾರರು ಉದ್ದಕ್ಕೆ ಬರೆದಿದ್ದಾರೆ. ಅದೂ ಇದೆ. ಬೆಂಕಿಯಿಂದ ಆ ಚಾರಣಿಗರಿಗೇ ಆಗುವ ಅಪಾಯವೂ ಸಣ್ಣದಲ್ಲ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಗುಡ್ಡದ ಹುಲ್ಲಿನ ಬೆಂಕಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಆದರೆ ಬೆರಳನ್ನು ಪೇಟೆಯ ಕಡೆಗೇ ತೋರಿಸಿ ನಿಲ್ಲಿಸಿದರೆ ನಾವು ಸುಳ್ಳು ಬರೆದಂತಾಗುತ್ತದೆ. ನಮಗೆ ಬಂದ ಪತ್ರಗಳಲ್ಲಿ ಎರಡು, ಹಚ್ಚಿದವರೇ ಬರೆದವು. ಒಬ್ಬರು ಎಮ್ಮೆ ದನಕ್ಕೆ ಹಸಿ ಹುಲ್ಲು ಬರಲೆಂದು, ತಂದೆ ಮಾಡುತ್ತಿದ್ದರೆಂದು, ಕಡ್ಡಿ ಗೀರಿ ತಿರುಗಿ ನೋಡದೆ ಬಂದವರು. ತಂದೆ ಪುಷ್ಯದಲ್ಲಿ ಹತ್ತು ಜನರೊಡನೆ ಮಾಡಿದ್ದನ್ನು ಮಗ ಫಾಲ್ಗುಣದಲ್ಲಿ ಒಬ್ಬನೇ ಮಾಡಿದ. ನೋಡಿದವರಿದ್ದರೆ ಕೇಸು ಬೀಳುತ್ತದೆಂಬ ಹೆದರಿಕೆಯಿಂದ ನಿಂತು ಕಾಯುವ ಧೈರ್ಯವೂ ಇರಲಿಲ್ಲ. ಇನ್ನೊಬ್ಬರು ಬರೀ ಸಿಟ್ಟಿಗೆ ಹಚ್ಚಿದವರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದಂದಿನಿಂದ ಅದರ ಒಳಗೂ ಅಂಚಿಗೂ ಇರುವ ಮನೆಗಳ ಹಕ್ಕು, ದಾರಿ, ಕರೆಂಟಿನ ತಕರಾರು ಏನೆಂಬುದು ನಮ್ಮ ವಾಚಕರಿಗೆ ಗೊತ್ತೇ ಇದೆ. ಆ ಅಳಲಿನ ಜೊತೆ ನಾವಿದ್ದೇವೆ, ಆ ಕಡ್ಡಿಯ ಜೊತೆ ಇಲ್ಲ. ಆ ಬೆಂಕಿ ಸುಟ್ಟದ್ದು ಕಾಯಿದೆಯನ್ನಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಹೋದರು. 2017ರಲ್ಲಿ ಬಂಡೀಪುರದಲ್ಲಿ ಇನ್ನೊಬ್ಬರು. ಇಬ್ಬರೂ ನಮ್ಮ ಮನೆಯ ಹುಡುಗರಂಥವರು, ಕೈಯಲ್ಲಿದ್ದದ್ದು ಹಸಿ ಸೊಪ್ಪು.

ಕಾಯಿದೆಯ ಮಾತು ಬಂತು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯಿದೆಯ 30ನೇ ಕಲಮಿನ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೆ ರಾಜ್ಯದ 1963ರ ಅರಣ್ಯ ಕಾಯಿದೆಯಿದೆ. ಹೆಚ್ಚು ಜನರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಕಾಡಿನಲ್ಲಿ ಯಾವುದೇ ಹಕ್ಕು, ಸವಲತ್ತು ಅನುಭವಿಸುವವನು ಬೆಂಕಿ ಕಂಡರೆ ತಿಳಿಸಲೂ ಆರಿಸಲು ನೆರವಾಗಲೂ ಬದ್ಧ ಎಂದು 1927ರ ಭಾರತೀಯ ಅರಣ್ಯ ಕಾಯಿದೆಯ 79ನೇ ಕಲಮು ಹೇಳುತ್ತದೆ. ಅಂದರೆ ಬೆಂಕಿ ಬಿದ್ದ ಮೇಲೆ ಓಡಿಬರುವ ಕರ್ತವ್ಯ ನಮಗುಂಟು. ಬೀಳುವ ಮೊದಲು ಎಲ್ಲಿ ಗೆರೆ ಕಡಿಯಬೇಕು, ಯಾವಾಗ ಕಡಿಯಬೇಕು ಎಂದು ಹೇಳುವ ಅವಕಾಶ ಇಲ್ಲ. ನಮ್ಮ ನಿಜವಾದ ದೂರು ಇದು. ಇಲಾಖೆಯೂ ಬೆಂಕಿಯನ್ನು ಬಳಸದೆ ಇಲ್ಲ. ಬೇಸಿಗೆಗೆ ಮುಂಚೆ ಹುಲ್ಲು ಕಡಿದು, ಸುಟ್ಟು, ಬೆಂಕಿ ರೇಖೆ ಮಾಡುತ್ತದೆ. ಆ ರೇಖೆ ತೋಟದ ಅಂಚಿಗೆ ಬರುವಾಗ ಆ ತೋಟದವನನ್ನು ಕರೆದು ಕೇಳಿದರೆ ಗಾಳಿ ಯಾವ ಕಣಿವೆಯಿಂದ ಏರುತ್ತದೆಂದು ಅವನು ಹೇಳುತ್ತಾನೆ. ಡೆಹರಾಡೂನಿನ ಅರಣ್ಯ ಸಮೀಕ್ಷಾ ಸಂಸ್ಥೆ ಈಗ ಉಪಗ್ರಹದಿಂದ ಬೆಂಕಿ ಕಂಡು ಮೊಬೈಲಿಗೆ ಸುದ್ದಿ ಕಳಿಸುತ್ತದೆ, ಹೆಸರು ನೋಂದಾಯಿಸಿದ ಸಾಮಾನ್ಯರಿಗೂ ಬರುತ್ತದೆ. ಒಳ್ಳೆಯದೇ. ಆದರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಕೊಟ್ಟಿಗೆಹಾರದ ಆ ಅರ್ಧ ಗಂಟೆ ಮುಗಿದಿರುತ್ತದೆ.

ಆದ್ದರಿಂದ ನಮ್ಮ ಸಲಹೆ ದೊಡ್ಡದೇನಲ್ಲ. ಕಾಫಿ ಕೊಯ್ಲಿನ ನಡುವೆ ಜನವರಿಯಲ್ಲಿ ಆಳು ಸಿಗುವುದಿಲ್ಲ ಎಂಬುದು ನಮಗೂ ಗೊತ್ತು. ಹಾಗಿದ್ದರೂ ಗುಡ್ಡಕ್ಕೆ ತಾಗಿದ ತೋಟದವರು ಊರೂರಿಗೆ ಕೂಡಿಕೊಂಡು ಎರಡು ದಿನ ಮುಯ್ಯಾಳು ಲೆಕ್ಕದಲ್ಲಿ ಬೇಲಿಯಂಚಿನ ಲಂಟಾನ, ಯುಪಟೋರಿಯಂ ಸವರಿ, ಒಂದು ಜೀಪು ಹೋಗುವಷ್ಟು ಅಗಲಕ್ಕೆ ದರಗು ಗುಡಿಸಿ ಒಳಕ್ಕೆ ಎಳೆದುಕೊಳ್ಳಬೇಕು. ಆ ದರಗು ಗೊಬ್ಬರದ ಗುಂಡಿಗಾಯಿತು. ತಮ್ಮ ಜಮೀನಿನೊಳಗಿನ ಕೆಲಸವಾದ್ದರಿಂದ ಯಾರ ಅಪ್ಪಣೆಯೂ ಬೇಡ. ಬೆಂಕಿ ಮಾತ್ರ ಕೊಡಬೇಡಿ, ಗುಡಿಸಿದ ರಾಶಿಗೂ ಕೊಡಬೇಡಿ. ಕಾವಲಿಗೆ ಹತ್ತು ಜನ ನಿಲ್ಲುವ ಕಾಲ ಈಗಿಲ್ಲ. ಎರಡನೆಯದಾಗಿ, ಬೆಂಕಿ ರೇಖೆಯ ಯೋಜನೆ ಹಾಕುವಾಗ ಆಯಾ ಊರಿನ ಇಬ್ಬರು ಬೆಳೆಗಾರರನ್ನೂ ಗುಡ್ಡ ಬಲ್ಲ ಒಬ್ಬ ಹಿರಿಯರನ್ನೂ ಕರೆಯಬೇಕೆಂದು ಸಂಘದ ಪರವಾಗಿ ಇಲಾಖೆಗೆ ಮನವಿ ಕೊಡಲು ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಹುಲ್ಲುಗಾವಲಿನಲ್ಲಿ ಪುಷ್ಯದ ಬೆಂಕಿಯನ್ನು ಇಲಾಖೆಯ ಕಣ್ಣೆದುರಿಗೇ, ಅದರ ಜವಾಬ್ದಾರಿಯಲ್ಲೇ, ಒಂದು ಸಣ್ಣ ತುಂಡಿನಲ್ಲಿ ಪ್ರಯೋಗ ಮಾಡಿ ನೋಡಬಹುದಲ್ಲ ಎಂಬುದೂ ಆ ಮನವಿಯಲ್ಲಿದೆ. ಮಂಡಳಿಯಲ್ಲಿ ಇದಕ್ಕೆ ಒಮ್ಮತವಿಲ್ಲ. ಕೊಟ್ಟಿಗೆಹಾರದ ತೋಟವನ್ನು ನೋಡಿಬಂದ ನಮ್ಮಿಬ್ಬರಲ್ಲಿಯೂ ಒಬ್ಬರು ಈ ಕೊನೆಯ ಮಾತಿಗೆ ಒಪ್ಪಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಕಡೆಯದಾಗಿ ಒಂದು ಕೋರಿಕೆ. ಪೈನ್ ಅವರ ಪುಸ್ತಕ ಸಂಘದ ಕಚೇರಿಯಲ್ಲಿದ್ದದ್ದು ಒಂದೇ ಪ್ರತಿ. ಅದನ್ನು ಒಯ್ದ ಸದಸ್ಯರು ವಹಿಯಲ್ಲಿ ರುಜು ಹಾಕಿಲ್ಲ. ಇನ್ನೂ ಏಳೆಂಟು ಜನ ಕೇಳುತ್ತಿರುವುದರಿಂದ ಬರುವ ಸಂತೆಯ ದಿನದೊಳಗೆ ತಂದು ಗುಮಾಸ್ತರ ಕೈಗೆ ಕೊಡಬೇಕು, ಹೆಸರು ಕೇಳುವುದಿಲ್ಲ.